ಎತ್ತರದ ಜಾಗ ಯಾರ ಹೆಸರಿಗಿದೆ?

ಜುಲೈ ಕೊನೆಯ ವಾರ ಬಂತೆಂದರೆ ಗೋಕಾಕದ ಹಳೆ ದನದ ಪೇಟೆ, ಉಪ್ಪಾರ ಓಣಿ, ಕುಂಬಾರ ಗಲ್ಲಿಯೊಳಗೆ ಮೈಕು ಕಟ್ಟಿದ ಆಟೋ ತಿರುಗತೊಡಗುತ್ತದೆ. ಹಿಡಕಲ್ ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ, ಹಿರಣ್ಯಕೇಶಿ ಏರಿದೆ, ಮಾರ್ಕಂಡೇಯ ಏರಿದೆ, ಹೊಳೆದಂಡೆಯ ಜನ ದನಕರು ಸಮೇತ ಎತ್ತರದ ಜಾಗಕ್ಕೆ ಹೋಗಬೇಕು. ಒಂದು ವರ್ಷ ಆ ಆಟೋದ ಹಿಂದೆಯೇ ನಡೆದು ಹೊರಟಿದ್ದೆ. ಬಾಗಿಲಲ್ಲಿ ಕೂತು ಜೋಳದ ಚೀಲದ ಬಾಯಿ ಕಟ್ಟುತ್ತಿದ್ದ ಅಜ್ಜಿಯೊಬ್ಬಳು ತಲೆ ಎತ್ತದೆಯೇ ಕೇಳಿದಳು: "ಎತ್ತರದ ಜಾಗಾ ನನ್ನ ಹೆಸರಿಗೆ ಯಾವಾಗ ಮಾಡ್ಯಾರಪಾ?" ಆಟೋದ ಹುಡುಗ ನಕ್ಕು ಮುಂದೆ ಹೋದ.

ಆ ಪ್ರಶ್ನೆಗೆ ನಕ್ಕು ಮುಂದೆ ಹೋಗುವುದನ್ನೇ ನಮ್ಮ ಸರ್ಕಾರಗಳು ವಸತಿ ನೀತಿ ಎಂದು ಕರೆದುಕೊಂಡು ಬಂದಿವೆ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ವಸತಿ ಕುರಿತು ನಡೆಯುವ ಜಗಳವೆಲ್ಲ ಮನೆಗಳ ಲೆಕ್ಕದ್ದು. ಎಷ್ಟು ಮನೆ ಮಂಜೂರಾದವು, ಯಾರ ಕಾಲದಲ್ಲಿ ಹೆಚ್ಚು ಬಂದವು, ಯಾವ ಪಂಚಾಯ್ತಿಗೆ ಅನ್ಯಾಯವಾಯಿತು. ಕೊರತೆ ಇರುವುದು ಜಾಗದ್ದು. ನೀರು ಬರದ, ಉತಾರ ಇರುವ, ಕೂಲಿಯವನ ಕೈಗೆಟಕುವ ನಾಲ್ಕು ಗೋಡೆಯಷ್ಟು ಜಾಗ. ಅದನ್ನು ಕೊಡುವ ಕೆಲಸದಿಂದ ಸರ್ಕಾರ ಸದ್ದಿಲ್ಲದೆ ಕೈ ತೊಳೆದುಕೊಂಡಿದೆ. ಬದಲಿಗೆ ಗೋಡೆ ಏರಿಸಲು ದುಡ್ಡು ಕೊಡುತ್ತದೆ. ಗೋಡೆ ಎಲ್ಲಿ ಏರಬೇಕು ಎಂದು ಕೇಳಿದರೆ, ನಿನ್ನ ಉತಾರ ಎಲ್ಲಿದೆಯೋ ಅಲ್ಲಿ ಎನ್ನುತ್ತದೆ. ಬಡವನ ಉತಾರ ಇರುವುದು ಹೊಳೆದಂಡೆಯಲ್ಲಿ.

2019ರ ಆಗಸ್ಟ್ ನೆನಪಿಸಿಕೊಳ್ಳಿ. ಘಟಪ್ರಭಾ ಗೋಕಾಕ ಪೇಟೆಯೊಳಗೆ ನುಗ್ಗಿತು, ಲೋಳಸೂರ ಸೇತುವೆ ಮುಳುಗಿತು, ಮೂಡಲಗಿ ತಾಲ್ಲೂಕಿನ ಉದಗಟ್ಟಿ, ಮುಸಗುಪ್ಪಿ, ತಿಗಡಿ, ಅವರಾದಿ, ಢವಳೇಶ್ವರದ ಕಡೆ ಹೊಲವೂ ಊರೂ ಒಂದೇ ನೀರಾದವು. ಅತ್ತ ಸಂಕೇಶ್ವರದ ನದಿ ಗಲ್ಲಿಗೆ ಹಿರಣ್ಯಕೇಶಿ ಬಂದಳು. ಎರಿ ಮಣ್ಣಿನ ಮೇಲ್ಮುದ್ದಿ ಮನೆಗಳಿಗೆ ನೀರು ಬಂದಾಗ ಏನೂ ಆಗುವುದಿಲ್ಲ, ನೀರು ಇಳಿದ ಮೇಲೆ ಅವು ಬೀಳುತ್ತವೆ. ಬಿಸಿಲು ಬಿದ್ದ ಮೂರನೆಯ ದಿನ ಗೋಡೆ ಬಿರಿದು, ರಾತ್ರಿ ಯಾವಾಗಲೋ ಧೊಪ್ಪೆಂದು ಕೂತುಬಿಡುತ್ತದೆ. ಸರ್ವೆಗೆ ಬಂದ ಅಧಿಕಾರಿ ಹಗಲಲ್ಲಿ ನಿಂತ ಗೋಡೆಯ ಫೋಟೋ ತೆಗೆದುಕೊಂಡು ಹೋಗಿರುತ್ತಾನೆ.

ಆಗ ಎ, ಬಿ, ಸಿ ಎಂದು ಮನೆಗಳನ್ನು ವಿಂಗಡಿಸಿದರು. ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಸ್ವಲ್ಪ ಕೆಟ್ಟದ್ದಕ್ಕೆ 50 ಸಾವಿರ, ನಡುವಿನ ಬಿ ವರ್ಗಕ್ಕೆ ಮೊದಲು 1 ಲಕ್ಷ ಎಂದರು, ಗದ್ದಲ ಎದ್ದ ಮೇಲೆ ಏರಿಸಿದರು. 5 ಲಕ್ಷ ಸಣ್ಣ ಮೊತ್ತವಲ್ಲ. ಆದರೆ ಆ ದುಡ್ಡಿಗೆ ಎರಡು ಗಂಟು ಇದ್ದವು. ಒಂದು, ಹಣ ಬರುವುದು ಉತಾರ ಇದ್ದವನ ಹೆಸರಿಗೆ. ಅಜ್ಜನ ಹೆಸರಲ್ಲಿ ಒಂದೇ ಉತಾರ, ಒಳಗೆ ನಾಲ್ಕು ಒಲೆ, ನಾಲ್ವರು ಅಣ್ಣತಮ್ಮಂದಿರು. ಹೊಳೆ ನಾಲ್ಕೂ ಸಂಸಾರವನ್ನು ಬೀದಿಗೆ ತಂದಿತು, ಪರಿಹಾರ ಒಬ್ಬನನ್ನು ಒಳಗೆ ಕರೆಯಿತು. ಎರಡು, ತಳಪಾಯ, ಲಿಂಟಲ್, ಛಾವಣಿ ಎಂದು ಹಂತಹಂತವಾಗಿ ಫೋಟೋ ಹೊಡೆದು ಜಿಪಿಎಸ್‌ಗೆ ಹಾಕಿದರೇನೇ ಮುಂದಿನ ಕಂತು. ಹೀಗಾಗಿ ಹೊಳೆ ಕೆಡವಿದ ಜಾಗದಲ್ಲಿಯೇ, ಹೊಳೆ ನಿಂತಿದ್ದ ಗೆರೆಗಿಂತ ಕೆಳಗೆ, ಸರ್ಕಾರದ ಸಾಕ್ಷಿಯಲ್ಲಿ, ಸರ್ಕಾರದ ದುಡ್ಡಿನಲ್ಲಿ ಹೊಸ ಮನೆಗಳು ಎದ್ದವು. 2021ರಲ್ಲಿ ಹೊಳೆ ಮತ್ತೆ ಬಂತು. 2024ರಲ್ಲಿಯೂ ಬಂತು. ಆ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಗೋಕಾಕಕ್ಕೂ ಬಂದು ಹೋದರು. ಈ ಸಲ ಲೆಕ್ಕ ಬೇರೆಯಾಗಿತ್ತು: ಪೂರ್ತಿ ಬಿದ್ದ ಮನೆಗೆ 1.20 ಲಕ್ಷ, ಜೊತೆಗೊಂದು ಮನೆ. ಆ ಮನೆ ಎಲ್ಲಿ ಎಂಬ ಪ್ರಶ್ನೆ ಮಾತ್ರ ಹಳೆಯದೇ.

ಈ 1.20 ಲಕ್ಷ ಎಂಬ ಅಂಕಿಯ ಮೇಲೆ ನಮ್ಮವರಿಗೆ ಏನೋ ಮಮತೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ 2016ರಲ್ಲಿ ಶುರುವಾದಾಗ ಬಯಲು ಸೀಮೆಯ ಮನೆಗೆ ಇಟ್ಟ ದರ ಅದೇ. ಉಸುಕು, ಸಿಮೆಂಟು, ಗೌಂಡಿಯ ಪಗಾರ ಎಲ್ಲ ಎಲ್ಲಿಗೆ ಹೋದರೂ ಅದು ಜಗ್ಗಿಲ್ಲ. ಕನಿಷ್ಠ ಅಳತೆ 25 ಚದರ ಮೀಟರ್. ಅದರೊಳಗೆ ಎಮ್ಮೆ ಎಲ್ಲಿ, ಮೇವು ಎಲ್ಲಿ, ಜೋಳದ ಚೀಲ ಎಲ್ಲಿ ಎಂದು ದಿಲ್ಲಿಯಲ್ಲಿ ಯಾರೂ ಕೇಳಿಕೊಂಡಂತೆ ಕಾಣುವುದಿಲ್ಲ. ಬೆಂಗಳೂರಿನಲ್ಲಿಯೂ.

ಹಿಂದೆ ಹೀಗಿರಲಿಲ್ಲ. ನಮ್ಮ ಕಡೆ ಯಾವ ಊರಿಗೆ ಹೋದರೂ ಒಂದು 'ಜನತಾ ಪ್ಲಾಟ್' ಇರುತ್ತದೆ, ದೇವರಾಜ ಅರಸರ ಕಾಲದ್ದು. ಅದರಾಚೆ 'ಆಶ್ರಯ ಪ್ಲಾಟ್' ಇರುತ್ತದೆ, ಬಂಗಾರಪ್ಪನವರ ಕಾಲದಲ್ಲಿ ಶುರುವಾದದ್ದು. ಆ ಮನೆಗಳು ಸಣ್ಣವು, ಬಿಲ್ಲು ಬರೆದವರು ತಿಂದಷ್ಟು ತಿಂದರು, ಎಲ್ಲ ನಿಜ. ಆದರೆ ಎರಡರ ಹೆಸರಲ್ಲಿಯೂ ಪ್ಲಾಟ್ ಎಂಬ ಮಾತು ಉಳಿದಿದೆ. ಸರ್ಕಾರ ಮೊದಲು ನೆಲ ಕೊಟ್ಟಿತ್ತು. ಆಮೇಲೆ ಬಂದ ಯೋಜನೆಗಳಿಗೆ ದೊಡ್ಡ ದೊಡ್ಡ ಹೆಸರುಗಳಿವೆ, ಬಸವ, ಅಂಬೇಡ್ಕರ್, ಅರಸು, ಪ್ರಧಾನಮಂತ್ರಿ. ಅವುಗಳ ಹೆಸರಲ್ಲಿ ಊರಿಗೊಂದು ಪ್ಲಾಟ್ ಹುಟ್ಟಿದ್ದನ್ನು ನಾನು ಕಂಡಿಲ್ಲ.

ಜಾಗ ಇಲ್ಲವೇ? ಹುಕ್ಕೇರಿಯಿಂದಲೋ ಮೂಡಲಗಿಯಿಂದಲೋ ಹೊರಗೆ ಹೋಗುವ ಯಾವ ರಸ್ತೆಯಲ್ಲಾದರೂ ಎರಡು ಕಿಲೋಮೀಟರ್ ಹೋಗಿ ನೋಡಿ. ನಿನ್ನೆ ಕಬ್ಬು ಇದ್ದ ಹೊಲದಲ್ಲಿ ಇಂದು ಸಿಮೆಂಟಿನ ಕಮಾನು, ಬಣ್ಣದ ಬಾವುಟ, ಸುಣ್ಣ ಬಳಿದ ಗುರುತಿನ ಕಲ್ಲು. ತಾಲ್ಲೂಕು ಕೇಂದ್ರವಾದ ಮೇಲೆ ಮೂಡಲಗಿಯಲ್ಲಿ ಜಾಗದ ರೇಟು ಏರಿದ್ದು ಮಕ್ಕಳಿಗೂ ಗೊತ್ತು. ಗೋಕಾಕ ಜಿಲ್ಲೆಯಾಗುತ್ತದೆ ಎಂಬ ಮಾತು 1997ರಿಂದ ಇದೆ, ಜೆ.ಎಚ್. ಪಟೇಲರ ಸರ್ಕಾರ ಘೋಷಿಸಿ ಹಿಂದೆ ತೆಗೆದುಕೊಂಡ ದಿನದಿಂದ. ಜಿಲ್ಲೆ ಆಗಲಿ ಬಿಡಲಿ, ಆ ಮಾತು ಎದ್ದಾಗಲೆಲ್ಲ ಪ್ಲಾಟಿನವನು ಗುಂಟೆಯ ರೇಟು ಏರಿಸುತ್ತಾನೆ. ಎನ್‌ಎ (ಕೃಷಿಯೇತರ) ಆದ ಪ್ಲಾಟು ಮಾಸ್ತರರಿಗೆ, ವ್ಯಾಪಾರಿಗೆ, ಫೌಜಿನಿಂದ ಬಂದವನಿಗೆ. ಎನ್‌ಎ ಆಗದ ಗುಂಟೆ ಪ್ಲಾಟು, ಸಾಲ ಮಾಡಿ ತೆಗೆದುಕೊಳ್ಳುವ ಗೌಂಡಿಗೆ, ಗಾಡಿ ಡ್ರೈವರನಿಗೆ. ಅದಕ್ಕೆ ಗಟಾರಿಲ್ಲ, ರಸ್ತೆ ಇಲ್ಲ, ಬ್ಯಾಂಕು ಸಾಲ ಕೊಡುವುದಿಲ್ಲ. 2025ರ ಫೆಬ್ರವರಿಯಲ್ಲಿ ಸರ್ಕಾರ ಪಟ್ಟಣಗಳಲ್ಲಿ ಇಂಥವಕ್ಕೆ ಬಿ ಖಾತಾ ಕೊಡುವ ಅಭಿಯಾನ ಹೂಡಿತು. ಕೊಂಡವರಿಗೆ ಒಳ್ಳೆಯದೇ ಆಯಿತು, ನಾನು ಬೇಡ ಎನ್ನುವುದಿಲ್ಲ. ಆದರೆ ನೋಡಿ, ನಿಯಮ ಮುರಿದು ಹೊಲ ಕತ್ತರಿಸಿದವನು ದುಡ್ಡು ಎಣಿಸಿ ಮನೆಗೆ ಹೋದ ಮೇಲೆ ಹಿಂದಿನಿಂದ ಹೋಗಿ ಅಂಟು ಹಚ್ಚುವುದಕ್ಕೆ ಇಲಾಖೆಗೆ ಪುರುಸೊತ್ತಿದೆ. ಅವನಿಗಿಂತ ಮುಂಚೆ ಹೋಗಿ ಹತ್ತು ಎಕರೆ ಕೊಳ್ಳುವುದಕ್ಕೆ ಇಲ್ಲ.

ಇಲ್ಲಿ ಮೂರು ಉತ್ತರ ಸಿದ್ಧವಾಗಿ ಬರುತ್ತವೆ. ಮೊದಲನೆಯದು, ಇದು ಕಾಲುವೆ ಸೀಮೆ, ಕಬ್ಬಿನ ಭೂಮಿ ತುಟ್ಟಿ, ಗಾಯರಾಣ ಉಳಿದಿಲ್ಲ. ಭೂಮಿ ತುಟ್ಟಿ ಎನ್ನುವುದು ನಿಜ. ಆದರೆ ಪ್ರತಿ ನೆರೆಗೂ ಅದೇ ಮನೆಗೆ ಮತ್ತೆ ಮತ್ತೆ ಪರಿಹಾರ, ಗಂಜಿ ಕೇಂದ್ರ, ತಗಡಿನ ಶೆಡ್ಡು, ಇವನ್ನೆಲ್ಲ ಕೂಡಿಸಿದರೆ ಅಗ್ಗವೇ? ಹಿಡಕಲ್‌ನಲ್ಲಿ 51 ಟಿಎಂಸಿ ನೀರು ನಿಲ್ಲಿಸಬೇಕಾದಾಗ ಹುಕ್ಕೇರಿ ತಾಲ್ಲೂಕಿನ ಊರುಗಳಿಗೆ ಊರುಗಳನ್ನೇ ಎಬ್ಬಿಸಿದ್ದು ಇದೇ ಸರ್ಕಾರ. ನೀರಿಗಾಗಿ ಜನರನ್ನು ಎಬ್ಬಿಸಲು ಬಂದದ್ದು, ನೀರಿನಿಂದ ಜನರನ್ನು ಉಳಿಸುವಾಗ ಯಾಕೆ ಬರುವುದಿಲ್ಲ? ಅದಕ್ಕೂ ಹಿಂದೆ, 19ನೇ ಶತಮಾನದ ಕೊನೆಗೆ, ಗೋಕಾಕ ಜಲಪಾತದ ನೆತ್ತಿಯ ಮೇಲೆ ನೂಲಿನ ಮಿಲ್ಲು ಹಾಕಿದ ಬಿಳಿಯರ ಕಂಪನಿಯೂ ಕೂಲಿಕಾರರಿಗೆ ಇರುವ ಜಾಗ ಮಾಡಿತ್ತು. ದಯೆಯಿಂದಲ್ಲ, ಭೋಂಗಾ ಊದಿದಾಗ ಆಳು ಬರಬೇಕಿತ್ತು. ಇಂದಿನ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಕಡಿಯುವ ಗ್ಯಾಂಗು ಹೊಲದ ಬದಿಯ ಕೊಪ್ಪಿಯಲ್ಲಿ ಮಲಗುತ್ತದೆ. ಅದು ಬೇರೆ ಲೇಖನದ ಮಾತು.

ಎರಡನೆಯದು, ಜನರೇ ಹೋಗುವುದಿಲ್ಲ. 2009ರ ನೆರೆಯ ನಂತರ ದಾನಿಗಳ ನೆರವಿನಿಂದ ಉತ್ತರ ಕರ್ನಾಟಕದಲ್ಲಿ 'ಆಸರೆ' ಮನೆಗಳನ್ನು ಕಟ್ಟಿದರು, ಎಷ್ಟೋ ಕಡೆ ಜಾಲಿ ಬೆಳೆದು ನಿಂತಿತು. ಇದನ್ನು ಅಧಿಕಾರಿಗಳು ಹೇಳುವ ಧಾಟಿ ಹೇಗಿದೆಯೆಂದರೆ ಮುಳುಗುವುದು ಜನರ ಹವ್ಯಾಸ ಎಂಬಂತೆ. ಹೊಲದಿಂದ ದೂರ, ಕುಡಿಯುವ ನೀರಿಲ್ಲ, ಹಕ್ಕುಪತ್ರವಿಲ್ಲ, ಎಮ್ಮೆ ಕಟ್ಟಲು ಹಿತ್ತಲಿಲ್ಲ, ಬೆಂಕಿಪೊಟ್ಟಣ ಸಾಲಾಗಿ ಜೋಡಿಸಿದಂಥ ಮನೆ. ಹೋಗಿ ಯಾರಿರಬೇಕು? ಅಲ್ಲಿಯೂ ಮನೆ ಕೊಟ್ಟರು, ಊರು ಕೊಡಲಿಲ್ಲ. ಜನ ಹಳೆಯ ಜಾಗ ಬಿಟ್ಟುಕೊಡಬೇಕೆಂಬ ಹಟವನ್ನೂ ಸರ್ಕಾರ ಬಿಡಬೇಕು. ಬೇಸಿಗೆಯಲ್ಲಿ ಅಲ್ಲಿ ಬಣವಿ ಒಟ್ಟಲಿ, ದನ ಕಟ್ಟಲಿ, ಮಲಗುವುದಕ್ಕೆ ಮೇಲಿನ ಮನೆಗೆ ಬರಲಿ.

ಮೂರನೆಯ ಉತ್ತರವನ್ನು ಯಾರೂ ಮೈಕಿನಲ್ಲಿ ಹೇಳುವುದಿಲ್ಲ. ಮನೆಗಳನ್ನು ಒಂದೊಂದಾಗಿ ಹಂಚಿದರೆ ಪ್ರತಿ ಮನೆಗೂ ಒಂದು ನಮಸ್ಕಾರ ಸಿಗುತ್ತದೆ. ಗುರಿ ಬರುತ್ತದೆ, ಯಾದಿ ಆಗುತ್ತದೆ, ಗ್ರಾಮಸಭೆಯ ಠರಾವಿನ ಮೇಲೆ ಸಹಿ ಬೀಳುತ್ತದೆ, ಪೇಟೆಯ ಆಶ್ರಯ ಸಮಿತಿಗೆ ಶಾಸಕರೇ ಅಧ್ಯಕ್ಷರು. ಯಾದಿಗೆ ಹೆಸರು ಸೇರಿಸಲು ಏನಾಗುತ್ತದೆ ಎಂದು ಓಣಿಯವರೆಲ್ಲ ಬಲ್ಲರು. 2025ರ ಜೂನ್‌ನಲ್ಲಿ ಆಡಳಿತ ಪಕ್ಷದವರೇ ಆದ ಆಳಂದದ ಶಾಸಕ ಬಿ.ಆರ್. ಪಾಟೀಲರು, ಲಂಚ ಕೊಟ್ಟವರಿಗೆ ಮನೆ ಹೋಗುತ್ತಿವೆ ಎಂದು ಫೋನಿನಲ್ಲಿ ಆಡಿದ ಮಾತು ಹೊರಬಿದ್ದಾಗ ಬೆಂಗಳೂರು ಬೆಚ್ಚಿತು. ಹಳ್ಳಿಗಳು ಬೆಚ್ಚಲಿಲ್ಲ.

ಈ ಮೂರು ತಾಲ್ಲೂಕಿಗೆ ರಾಜಕೀಯ ಬಲ ಇಲ್ಲ ಎಂದು ಯಾರೂ ಅಳುವ ಹಾಗಿಲ್ಲ. 2023ರಲ್ಲಿ ಗೋಕಾಕದಿಂದ ರಮೇಶ ಜಾರಕಿಹೊಳಿ, ಅರಭಾವಿಯಿಂದ ಬಾಲಚಂದ್ರ ಜಾರಕಿಹೊಳಿ, ಯಮಕನಮರಡಿಯಿಂದ ಸತೀಶ ಜಾರಕಿಹೊಳಿ, ಹುಕ್ಕೇರಿಯಿಂದ ನಿಖಿಲ ಕತ್ತಿ ಗೆದ್ದರು. ಪಕ್ಷ ಎರಡು. ಸರ್ಕಾರ ಯಾರದೇ ಇರಲಿ, ವಿಧಾನಸೌಧದ ಬಾಗಿಲು ಇವರಲ್ಲಿ ಒಬ್ಬರಿಗಾದರೂ ತೆರೆದೇ ಇರುತ್ತದೆ. ಅವರನ್ನು ಕೇಳುವುದು ಹೊಸ ಯೋಜನೆಯನ್ನಲ್ಲ. ಖಾಸಗಿ ಜಮೀನು ಕೊಂಡು ನಿವೇಶನ ಮಾಡುವ ದಾರಿ ಕಾಯ್ದೆಯೊಳಗೇ ಇದೆ. ನೆರೆ ಬರುವ ಪ್ರತಿ ಊರಿಗೂ ಗಾಂವಠಾಣ ವಿಸ್ತರಿಸಿ. ಹೊಳೆಯ ಗೆರೆಗಿಂತ ಮೇಲೆ, ಹೊಲಕ್ಕೆ ನಡೆದು ಹೋಗುವಷ್ಟು ಹತ್ತಿರ. ಉತಾರಕ್ಕೊಂದಲ್ಲ, ಒಲೆಗೊಂದು ಪ್ಲಾಟು, ಮನೆಯ ಹೆಣ್ಣುಮಗಳ ಹೆಸರಿಗೆ. ಗಟಾರು, ನಳ, ಲೈಟಿನ ಕಂಬ ಮೊದಲು ಹೋಗಲಿ. ಮನೆಯನ್ನು ನಮ್ಮ ಜನ ಕಟ್ಟಿಕೊಳ್ಳುತ್ತಾರೆ. ಒಂದು ವರ್ಷ ಗೋಡೆ, ಮರುವರ್ಷ ಪತ್ರಾಸು, ಮಗಳ ಮದುವೆ ಮುಗಿದ ಮೇಲೆ ಸ್ಲ್ಯಾಬು. ಇಷ್ಟು ದಿನ ಕಟ್ಟಿಕೊಂಡದ್ದೂ ಹಾಗೆಯೇ.

ಕುಂಬಾರ ಗಲ್ಲಿಯಲ್ಲಿ ನಾನು ಕಂಡ ಒಂದು ಮನೆಯ ಪಡಸಾಲೆ ಗೋಡೆಯ ಮೇಲೆ ಕೆಸರಿನ ಮೂರು ಗೆರೆಗಳಿವೆ. ಹುಡುಗರು ಇದ್ದಿಲಿನಿಂದ ಪಕ್ಕದಲ್ಲಿ ಇಸವಿ ಬರೆದಿಟ್ಟಿದ್ದಾರೆ, ಎಲ್ಲಕ್ಕಿಂತ ಮೇಲೆ 2019. ದೀಪಾವಳಿಗೆ ಮನೆಯಾಕೆ ಸುಣ್ಣ ಹಚ್ಚುವಾಗ ಅಷ್ಟು ಭಾಗ ಬಿಟ್ಟು ಹಚ್ಚುತ್ತಾಳೆ. ಯಾಕವ್ವಾ ಎಂದರೆ, "ಸರ್ವೆದಾವ್ರು ಬಂದ್ರ ತೋರಸಾಕ ಬೇಕಲ್ರಿ" ಎಂದಳು.