ಜೀವಕೋಶದೊಳಗಣ ಚಪ್ಪರ

ಮಂಡ್ಯದ ಬಳಿಯ ಕೆರಗೋಡಿನಂಥ ಊರಿನಲ್ಲಿ ಮದುವೆಯೆಂದರೆ ಮನೆಯ ಮುಂದೆ ಚಪ್ಪರವೇಳಬೇಕು. ಕಣ್ಣಿಗೆ ಬೀಳುವುದು ತೆಂಗಿನ ಗರಿ, ಮಾವಿನ ತೋರಣ. ಅವನ್ನು ಹೊತ್ತು ನಿಂತಿರುವುದು ಬಿದಿರಿನ ಹಂದರ. ಮದುವೆ ಮುಗಿದೊಡನೆ ಕಟ್ಟು ಬಿಚ್ಚುತ್ತಾರೆ. ಅದೇ ಬಿದಿರು ಇನ್ನೊಂದು ಮನೆಯ ಮುಂದೆ ಮತ್ತೆ ಚಪ್ಪರವಾಗುತ್ತದೆ.

ನಮ್ಮ ದೇಹದ ಜೀವಕೋಶದಲ್ಲಿಯೂ ಇಂಥ ಹಂದರವುಂಟು. ವಂಶವಾಹಿಗಳನ್ನು ಕಾಪಿಟ್ಟಿರುವ ಕೋಶಕೇಂದ್ರದ ಪೊರೆಗೆ ಒಳಗಿನಿಂದ ಆಸರೆಯಾಗಿರುವ ಪ್ರೋಟೀನು ಎಳೆಗಳಿಗೆ ಲ್ಯಾಮಿನ್ ಎಂದು ಹೆಸರು. ಸಾವಿರಾರು ಬಗೆಯ ಪ್ರೋಟೀನುಗಳ ನಡುವೆ ಇದನ್ನೇ ಗುರುತಿಸುವುದೆಂತು?

ವಿಜ್ಞಾನಿಗಳಿಗೆ ನೆರವಾದದ್ದು ಪ್ರತಿಕಾಯ. ಹೊರಗಿನ ವಸ್ತು ಮೈಹೊಕ್ಕರೆ ಅದನ್ನೇ ಅರಸಿ ಹಿಡಿಯುವ ಪ್ರತಿಕಾಯ ರಕ್ತದಲ್ಲಿ ಹುಟ್ಟುತ್ತದೆ. ಶುದ್ಧಗೊಳಿಸಿದ ಲ್ಯಾಮಿನನ್ನು ಪ್ರಾಣಿಯೊಂದಕ್ಕೆ ಚುಚ್ಚಿದರೆ ಲ್ಯಾಮಿನನ್ನು ಹಿಡಿಯುವ ಪ್ರತಿಕಾಯ ದೊರೆಯುತ್ತದೆ. ಅದಕ್ಕೆ ಹೊಳೆಯುವ ಬಣ್ಣ ಕೂಡಿಸಿ ಕೋಶಗಳಿಗೆ ಹಾಯಿಸಿದರೆ, ಸೂಕ್ಷ್ಮದರ್ಶಕದಡಿ ಲ್ಯಾಮಿನ್ ಇರುವ ತಾಣ ಬೆಳಗುತ್ತದೆ.

1978ರಲ್ಲಿ ಅಮೆರಿಕದ ಲ್ಯಾರಿ ಗೆರೇಸ್, ಗುಂಟರ್ ಬ್ಲೋಬೆಲ್ ಮತ್ತು ಸಂಗಡಿಗರು ಹೀಗೆ ನೋಡಿದಾಗ ಕೋಶಕೇಂದ್ರದ ಸುತ್ತ ಬೆಳಕಿನ ಬಳೆ ಕಂಡಿತು. ಕೋಶ ಎರಡಾಗುವ ಹೊತ್ತಿಗೆ ಬಳೆ ಕರಗಿ ಬೆಳಕು ಎಲ್ಲೆಡೆ ಹರಡಿತು. ಮರಿಕೋಶಗಳು ಮೂಡುವಾಗ ಮತ್ತೆ ಬಳೆಯಾಯಿತು. ಚಪ್ಪರ ಬಿಚ್ಚಿ ಕಟ್ಟಿದ ಹಾಗೆಯೇ!

1999ರಲ್ಲಿ ಹೈದರಾಬಾದಿನ ಕೋಶೀಯ ಮತ್ತು ಅಣು ಜೀವವಿಜ್ಞಾನ ಕೇಂದ್ರದ ವೀಣಾ ಪರ್ನಾಯಿಕ್ ಮತ್ತು ಸಂಗಡಿಗರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಂಜಲಿ ಕರಂಡೆಯವರೊಡಗೂಡಿ, ಹೊಸದೊಂದು ಸಂಗತಿಯನ್ನು ಪ್ರಕಟಿಸಿದರು. ಅವರ ಪ್ರತಿಕಾಯವೊಂದು ಬೆಳಗಿಸಿದ್ದು ಅಂಚಿನ ಬಳೆಯನ್ನಲ್ಲ, ಕೇಂದ್ರದೊಳಗಿನ ಚುಕ್ಕೆಗಳನ್ನು. ವಂಶವಾಹಿಯ ಸಂದೇಶವನ್ನು ಕತ್ತರಿಸಿ ಜೋಡಿಸುವ ಪ್ರೋಟೀನುಗಳು ನೆರೆದಿರುವ ತಾಣಗಳವು. ಪ್ರತಿಕಾಯ ಹಿಡಿಯುವುದು ಲ್ಯಾಮಿನಿನ ಒಂದು ತುಣುಕನ್ನು ಮಾತ್ರ; ಆ ತುಣುಕು ಮರೆಯಾಗಿರುವಲ್ಲಿ ಅದಕ್ಕೆ ಹಿಡಿತ ಸಿಕ್ಕದು. ಆದ್ದರಿಂದ, ಬೆಳಗದ ಕಡೆ ಲ್ಯಾಮಿನ್ ಇಲ್ಲವೆಂದು ಹೇಳಿಬಿಡಲಾಗದು. ಹಲವು ಪ್ರತಿಕಾಯಗಳಿಂದ ನೋಡಿ ತಾಳೆಹಾಕಬೇಕು.

ಇದು ಬರಿಯ ಕುತೂಹಲದ ಮಾತಲ್ಲ. ಎಳೆಯ ಮಕ್ಕಳಿಗೆ ಮುಪ್ಪನ್ನು ತರುವ ಪ್ರೊಜೀರಿಯ ಎಂಬ ವಿರಳ ರೋಗಕ್ಕೆ ಲ್ಯಾಮಿನಿನ ದೋಷವೇ ಕಾರಣವೆಂದು 2003ರಲ್ಲಿ ತಿಳಿಯಿತು. ಆ ಮಕ್ಕಳ ಕೋಶಗಳಲ್ಲಿ ಪ್ರತಿಕಾಯ ತೋರಿಸುವುದು ದುಂಡನೆಯ ಬಳೆಯನ್ನಲ್ಲ, ಉಬ್ಬುತಗ್ಗಾಗಿ ಸೊಟ್ಟಗಾದ ಬಳೆಯನ್ನು. ಔಷಧಿ ಹಾಕಿದ ಮೇಲೆ ಬಳೆ ದುಂಡಗಾಯಿತೇ ಎಂದು ಸಂಶೋಧಕರು ಪರೀಕ್ಷಿಸಿದ್ದೂ ಈ ಬೆಳಕಿನಲ್ಲಿಯೇ. 2020ರಲ್ಲಿ ಲೋನಾಫರ್ನಿಬ್ ಎಂಬ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ರೋಗ ಅದರಿಂದ ಪೂರ್ತಿ ಗುಣವಾಗದು. ಆದರೆ ಆ ಮಕ್ಕಳ ಆಯುಷ್ಯಕ್ಕೆ ಇನ್ನಷ್ಟು ಕಾಲ ಕೂಡುತ್ತದೆ.