ಗೃಹಚಿಂತನ: ಎರಡನೆಯ ಬಾಗಿಲು

ಆಳಂದ, ಅಫಜಲಪುರ, ಜೇವರ್ಗಿಯ ಸೀಮೆಯಲ್ಲಿ ಬೇಸಗೆಯು ಮದುವೆಗಳ ಕಾಲವೂ ಅಹುದು, ಅಗ್ನಿಭಯದ ಕಾಲವೂ ಅಹುದು. ಹಿತ್ತಿಲಲ್ಲಿ ಕಣಿಕೆಯ ಬಣವೆ, ಅಂಗಳದಲ್ಲಿ ಹಂದರ, ಮಗ್ಗುಲಲ್ಲಿಯೇ ಅಡುಗೆಯ ಒಲೆ. ಒಂದು ಕಿಡಿ ಸಾಕು.

ಅನೇಕ ವೇಳೆ ಉರಿಗಿಂತಲೂ ಹೊಗೆಯೂ ನೂಕುನುಗ್ಗಲೂ ಹೆಚ್ಚು ಪ್ರಾಣಗಳನ್ನು ಕೊಳ್ಳುತ್ತವೆ. 1981ರ ಫೆಬ್ರವರಿಯಲ್ಲಿ ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿದಾಗ 90ಕ್ಕೂ ಮೇಲ್ಪಟ್ಟವರು ಮಡಿದರು; ಅವರಲ್ಲಿ ಮಕ್ಕಳೇ ಹೆಚ್ಚು. 2010ರಲ್ಲಿ ಅಲ್ಲಿಯ ಕಾರ್ಲ್‌ಟನ್ ಟವರ್ಸ್ ಕಟ್ಟಡವನ್ನು ಹೊಗೆ ತುಂಬಿದಾಗ ದಾರಿಗಾಣದೆ ಕಿಟಕಿಗಳಿಂದ ಹಾರಿದವರುಂಟು. ಸತ್ತವರು 9 ಜನ.

ಇಂಥ ಸಾವುಗಳನ್ನು ತಡೆಯಲೆಂದೇ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗವಿದೆ. ಜನ ಸೇರುವ ಕಟ್ಟಡದಲ್ಲಿ ನಿರ್ಗಮನದ ಬಾಗಿಲು ಹೊರಮುಖವಾಗಿ ತೆರೆಯಬೇಕು, ಒಳಗಿದ್ದವರು ಬೀಗದ ಕೈಯಿಲ್ಲದೆ ತೆರೆಯುವಂತಿರಬೇಕು, ದಾರಿಯಲ್ಲಿ ಅಡ್ಡಿಯಿರಕೂಡದು. ಕಾರಣ ಸರಳವಾದುದು: ಒಳಮುಖವಾಗಿ ತೆರೆಯುವ ಕದವನ್ನು ಹಿಂದಿನಿಂದ ಒತ್ತಿಬರುವ ಜನರೇ ಮುಚ್ಚಿಬಿಡುವರು.

ಪರೀಕ್ಷಕರು ಬಂದು ನೋಡುವುದು ಎಂದೋ ಒಂದು ದಿನ. ಬಾಗಿಲಿಗಡ್ಡವಾಗಿ ಕುರ್ಚಿಗಳನ್ನು ಒಟ್ಟುವುದು ದಿನನಿತ್ಯದ ಮಾತು. ಆದುದರಿಂದ ಕಲ್ಯಾಣಮಂಟಪವನ್ನು ಗೊತ್ತುಮಾಡುವಾಗ, ಮಕ್ಕಳನ್ನು ಶಾಲೆಗೆ ಸೇರಿಸುವಾಗ, ಎರಡನೆಯ ಬಾಗಿಲೆಲ್ಲಿದೆಯೆಂದು ಕೇಳಿ, ಅದನ್ನು ತೆರೆಸಿ ನೋಡಬೇಕೆಂದು ಗೃಹಸ್ಥರಲ್ಲಿ ನಾವು ವಿನಂತಿಸುತ್ತೇವೆ. ಊಟದ ಪಂಕ್ತಿಯನ್ನು ವಿಚಾರಿಸುವ ಯಜಮಾನರಿಗೆ ಇದು ಹೆಚ್ಚಿನ ಶ್ರಮವಲ್ಲ. ಬೀಗ ಕಂಡುಬಂದರೆ, ಅದನ್ನು ತೆಗೆಸಿದ ಮೇಲೆಯೇ ಮುಂಗಡವನ್ನು ಕೊಡಿರಿ.