ಸಂಬಳದ ಮಿತಿಯೂ ಸಾಲದ ಲೆಕ್ಕವೂ

ಅಮೆರಿಕದ ಫುಟ್‌ಬಾಲ್ ಪಂದ್ಯಗಳು ಫೆಬ್ರವರಿಯಲ್ಲಿ ಮುಗಿದು ಮೈದಾನಗಳು ಬರಿದಾದ ಮೇಲೆ ಅಲ್ಲಿನ ತಂಡಗಳ ಕಚೇರಿಗಳಲ್ಲಿ ಮತ್ತೊಂದು ಆಟವು ಮೊದಲಾಗುತ್ತದೆ. ಅದರಲ್ಲಿ ಚೆಂಡಿಲ್ಲ, ಖಾತೆಯ ಪುಸ್ತಕವುಂಟು. ಅಲ್ಲಿನವರು ಫುಟ್‌ಬಾಲ್ ಎಂದು ಕರೆಯುವುದು ನಾವು ಬಲ್ಲ ಕಾಲ್ಚೆಂಡಿನ ಆಟವಲ್ಲವೆಂದೂ, ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ನಡುವೆ ನುಗ್ಗುವ ಆಟವೆಂದೂ ವಾಚಕರಲ್ಲಿ ಮೊದಲೇ ಅರಿಕೆ ಮಾಡುತ್ತೇವೆ. ಮಾರ್ಚ್ ತಿಂಗಳ ನಡುವಿನಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗಿಗೆ ಹೊಸ ವರ್ಷವು ಹುಟ್ಟುತ್ತದೆ. ಆ ದಿನ ಸಂಜೆ ನಾಲ್ಕು ಗಂಟೆಯೊಳಗಾಗಿ 32 ತಂಡಗಳೂ ತಮ್ಮ ಆಟಗಾರರ ಸಂಬಳದ ಲೆಕ್ಕವನ್ನು ಗೊತ್ತುಪಡಿಸಿದ ಮೇಲ್ಮಿತಿಯೊಳಗೆ ತಂದಿರತಕ್ಕದ್ದು. ಬಿಡುವಿನ ಕಾಲದಲ್ಲಿ 90 ಮಂದಿಯನ್ನು ಇಟ್ಟುಕೊಳ್ಳಲು ಅನುಮತಿಯಿದ್ದರೂ ಹೆಚ್ಚು ಸಂಬಳದ 51 ಮಂದಿಯ ಬಾಬೇ ಮುಖ್ಯವಾಗಿ ಎಣಿಕೆಗೆ ಬರುತ್ತದೆ. ಇಷ್ಟು ರಿಯಾಯಿತಿಯಿದ್ದರೂ ಲೆಕ್ಕ ಹೊಂದದೆ ಪರದಾಡುವ ತಂಡಗಳಿಗೆ ಕೊರತೆಯಿಲ್ಲ.

ಈ ಮಿತಿಯು ಬಂದ ಬಗೆಯನ್ನು ತಿಳಿಯದೆ ಅದನ್ನು ಹೊಗಳುವುದಾಗಲಿ ತೆಗಳುವುದಾಗಲಿ ಸಲ್ಲದು. ಆಟಗಾರನು ತನಗಿಷ್ಟವಾದ ತಂಡಕ್ಕೆ ಹೋಗದಂತೆ ಒಡೆಯರು ಹಾಕಿದ್ದ ಕಟ್ಟುಗಳು ನ್ಯಾಯವಲ್ಲವೆಂದು 1992ನೆಯ ಇಸವಿಯಲ್ಲಿ ಮಿನಿಯಾಪೊಲಿಸ್ ನಗರದ ಜ್ಯೂರಿಯು ತೀರ್ಮಾನವಿತ್ತಿತು. ಮರುವರ್ಷ ರಾಜಿಯಾಯಿತು. ಆಟಗಾರರಿಗೆ ತಂಡ ಬದಲಿಸುವ ಸ್ವಾತಂತ್ರ್ಯ ದೊರೆಯಿತು. ಅದಕ್ಕೆ ಪ್ರತಿಯಾಗಿ ಒಡೆಯರಿಗೆ ಸಂಬಳದ ಮೇಲ್ಮಿತಿ ದೊರೆಯಿತು. 1994ರಲ್ಲಿ ತಂಡವೊಂದಕ್ಕೆ 3 ಕೋಟಿ 46 ಲಕ್ಷ ಡಾಲರು ಇದ್ದ ಈ ಮಿತಿಯು 2025ರಲ್ಲಿ 27 ಕೋಟಿ 92 ಲಕ್ಷ ಡಾಲರಿಗೆ ಏರಿತು. ಇದರಿಂದ ಒಳಿತಾಗಿಲ್ಲವೆಂದು ನಾವು ಹೇಳಲಾರೆವು. ಗ್ರೀನ್ ಬೇ ಎಂಬುದು ಲಕ್ಷದ ಸುಮಾರಿನ ಜನವಸತಿಯ ಊರು. ಅಲ್ಲಿನ ತಂಡಕ್ಕೆ ಧನಿಕನಾದ ಒಡೆಯನಿಲ್ಲ. 1923ರಿಂದ ಲಾಭಾಂಶವನ್ನೇ ಕಾಣದ ಷೇರುದಾರರ ಹಣದಿಂದ ಅದು ನಡೆದುಬಂದಿದೆ. ಅಂತಹ ತಂಡವು ನ್ಯೂಯಾರ್ಕಿನ ತಂಡಗಳೆದುರು ಸರಿಸಮನಾಗಿ ನಿಂತು, ಮಿತಿಯು ಜಾರಿಗೆ ಬಂದ ಮೇಲೆಯೂ 1997ರಲ್ಲಿಯೂ 2011ರಲ್ಲಿಯೂ ಸೂಪರ್ ಬೌಲನ್ನು ಗೆದ್ದಿತು. ಹಣದ ಥೈಲಿಯೊಂದರಿಂದಲೇ ಗೆಲುವನ್ನು ಕೊಳ್ಳಲಾಗದಂತೆ ಕಟ್ಟಳೆಯು ಕಾವಲು ನಿಂತಿದೆಯೆಂಬುದು ನಿಜ.

ಆದರೆ ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರು ಎಲ್ಲಿ ಇಲ್ಲ? ಕರಾರಿಗೆ ರುಜು ಹಾಕುವಾಗ ಆಟಗಾರನಿಗೆ ಕೊಡುವ ಬೋನಸ್ಸನ್ನು ಐದು ವರ್ಷಗಳ ತನಕ ಸಮಭಾಗವಾಗಿ ಹಂಚಿ ಖರ್ಚು ಬರೆಯಲು ನಿಯಮದಲ್ಲಿ ಅವಕಾಶವಿದೆ. ಒಬ್ಬನ ಈ ವರ್ಷದ ಸಂಬಳ 2 ಕೋಟಿ ಡಾಲರೆಂದು ಇಟ್ಟುಕೊಳ್ಳೋಣ. ಅದರಲ್ಲಿ 50 ಲಕ್ಷವನ್ನು ಸಂಬಳವೆಂದೇ ಉಳಿಸಿ, 1 ಕೋಟಿ 50 ಲಕ್ಷವನ್ನು ಬೋನಸ್ಸೆಂದು ಹೆಸರು ಬದಲಿಸುತ್ತಾರೆ. ಆಟಗಾರನ ಕೈಗೆ ಸೇರುವ ಹಣದಲ್ಲಿ ಒಂದು ಕಾಸೂ ಕಡಿಮೆಯಾಗದು. ಪುಸ್ತಕದಲ್ಲಿ ಮಾತ್ರ ವರ್ಷಕ್ಕೆ 30 ಲಕ್ಷದಂತೆ ಹರಿದುಹೋಗಿ ಈ ವರ್ಷದ ಲೆಕ್ಕ 80 ಲಕ್ಷಕ್ಕೆ ಇಳಿಯುತ್ತದೆ. 1 ಕೋಟಿ 20 ಲಕ್ಷ ಡಾಲರಿನ ಜಾಗವು ಒಂದು ರುಜುವಿನಿಂದ ತೆರವಾಯಿತು! ಮುಂದಿನ ವರ್ಷ ಆ ಆಟಗಾರನನ್ನು ಬಿಟ್ಟರೆ ಬರೆಯದೆ ಉಳಿದ 1 ಕೋಟಿ 20 ಲಕ್ಷವೂ ಒಮ್ಮೆಲೇ ತಲೆಯ ಮೇಲೆ ಬೀಳುತ್ತದೆ. ಆಡದವನ ಹೆಸರಿನಲ್ಲಿ ಉಳಿಯುವ ಈ ಬಾಕಿಗೆ ಅಲ್ಲಿನವರು 'ಡೆಡ್ ಮನಿ', ಎಂದರೆ ಸತ್ತ ಹಣ, ಎಂದು ಹೆಸರಿಟ್ಟಿದ್ದಾರೆ. ಜೂನ್ 1ರ ನಂತರ ಬಿಟ್ಟಂತೆ ದಾಖಲೆ ಮಾಡಿದರೆ ಇದನ್ನೂ ಎರಡು ವರ್ಷಗಳಿಗೆ ಹಂಚಬಹುದು. ಇದೂ ಸಾಲದೆಂದು, ಆಟಗಾರನು ಆಡುವುದೇ ಇಲ್ಲವೆಂದು ಉಭಯತ್ರರಿಗೂ ತಿಳಿದಿರುವ ಹುಸಿ ವರ್ಷಗಳನ್ನು ಕರಾರಿನ ಬಾಲಕ್ಕೆ ಸೇರಿಸಿ ಹಂಚಿಕೆಯನ್ನು ಉದ್ದಮಾಡುತ್ತಾರೆ. ಪತ್ರಿಕೆಯ ನೌಕರರಿಗೆ ತಿಂಗಳು ತಿಂಗಳು ಸಂಬಳ ಎಣಿಸುವ ನಮ್ಮಂಥವರು ಕಾಗದದ ಅಂಗಡಿಯವನಿಗೆ ಇಂತಹ ಲೆಕ್ಕವನ್ನು ತೋರಿಸಿದರೆ ಅವನು ಮರುದಿನವೇ ಸರಕು ನಿಲ್ಲಿಸಿಯಾನು.

ನಮ್ಮ ಐಪಿಎಲ್ ಕ್ರಿಕೆಟಿನಲ್ಲಿಯೂ ಮಿತಿಯುಂಟು. 2025ರ ಪಂದ್ಯಾವಳಿಗೆ ಬೆಂಗಳೂರಿನ ತಂಡವೂ ಸೇರಿ ಪ್ರತಿ ತಂಡದ ಥೈಲಿ 120 ಕೋಟಿ ರೂಪಾಯಿಗಳಾಗಿತ್ತು. ಆದರೆ ಅಲ್ಲಿ ಕೂಗಿದ ಬೆಲೆಯು ಆ ವರ್ಷದ ಲೆಕ್ಕಕ್ಕೇ ಸೇರುತ್ತದೆ.

ಈ ಸಾಲವು ಹಾನಿಕರವೇ ಎಂದು ಕೇಳುವವರಿಗೆ ಉತ್ತರವು ಅಷ್ಟು ಸುಲಭವಲ್ಲ. ಮಿತಿಯು ವರ್ಷ ವರ್ಷವೂ ಏರುವ ತನಕ ಇಂದಿನ ಬಾಕಿಯು ನಾಳೆ ಹಗುರವಾಗಿ ಕಾಣುತ್ತದೆ. ಫಿಲಡೆಲ್ಫಿಯಾದ ತಂಡವು ಈ ಹುಸಿ ವರ್ಷಗಳನ್ನು ಯಥೇಚ್ಛವಾಗಿ ಬಳಸಿಕೊಂಡೇ 2025ರ ಫೆಬ್ರವರಿಯಲ್ಲಿ ಸೂಪರ್ ಬೌಲನ್ನು ಗೆದ್ದಿತು. ಡೆನ್ವರಿನವರು ರಸೆಲ್ ವಿಲ್ಸನ್ನನಿಗೆ 2022ರಲ್ಲಿ ಮಾಡಿಕೊಟ್ಟ ದೊಡ್ಡ ಕರಾರನ್ನು 2024ರ ಮಾರ್ಚಿನಲ್ಲಿ ಕೈಬಿಟ್ಟು ಎರಡು ವರ್ಷಗಳಲ್ಲಿ ಸುಮಾರು 8 ಕೋಟಿ 50 ಲಕ್ಷ ಡಾಲರಿನ ಸತ್ತ ಹಣವನ್ನು ಹೊತ್ತರೂ, ಅದೇ ವರ್ಷ ಹೊಸ ಹುಡುಗನೊಬ್ಬನನ್ನು ಮುಂದಿಟ್ಟುಕೊಂಡು ಪ್ಲೇಆಫಿಗೆ ಏರಿದರು. ಆದರೆ ಎಲ್ಲರ ಅದೃಷ್ಟವೂ ಒಂದೇ ಬಗೆಯದಲ್ಲ. ಮಹಾಮಾರಿಯ ದೆಸೆಯಿಂದ 2020ರಲ್ಲಿ 19 ಕೋಟಿ 82 ಲಕ್ಷವಿದ್ದ ಮಿತಿಯು 2021ರಲ್ಲಿ 18 ಕೋಟಿ 25 ಲಕ್ಷಕ್ಕೆ ಕುಸಿಯಿತು. ವರ್ಷಾನುವರ್ಷ ಬಾಕಿಯನ್ನು ಮುಂದಕ್ಕೆ ತಳ್ಳುತ್ತ ಬಂದಿದ್ದ ನ್ಯೂ ಆರ್ಲಿಯನ್ಸಿನವರು ಆ ಬಿಡುವಿನಲ್ಲಿ ಸುಮಾರು 10 ಕೋಟಿ ಡಾಲರನ್ನು ಇಳಿಸಬೇಕಾಯಿತು. ಅವರ ನಾಯಕ ಡ್ರೂ ಬ್ರೀಸ್ ಅದೇ ಮಾರ್ಚಿನಲ್ಲಿ ನಿವೃತ್ತನಾದನು. ಹೊಸ ಬೋನಸ್ಸಿನಿಂದ ಹಳೆಯ ಬಾಕಿಯನ್ನು ಮುಚ್ಚುವ ಪರಿಪಾಠವನ್ನು ಅವರು ಆಮೇಲೂ ಬಿಡಲಿಲ್ಲ. 2021ರಿಂದ 2024ರ ವರೆಗಿನ ನಾಲ್ಕು ಋತುಗಳಲ್ಲಿ ಒಮ್ಮೆಯೂ ಪ್ಲೇಆಫನ್ನು ಕಾಣಲೂ ಇಲ್ಲ. ಕ್ಯಾನ್ಸಸ್ ಸಿಟಿಯವರು ಬೇರೆ ದಾರಿ ಹಿಡಿದರು. 2022ರ ಮಾರ್ಚಿನಲ್ಲಿ ಪ್ರಸಿದ್ಧ ಓಟಗಾರ ಟೈರೀಕ್ ಹಿಲ್ಲನನ್ನು ಮಯಾಮಿಗೆ ಒಪ್ಪಿಸಿ, ಹೊಸಬರನ್ನು ಆರಿಸಿಕೊಳ್ಳುವ ಐದು ಸರದಿಗಳನ್ನು ಪಡೆದರು. ಊರವರು ಗೊಣಗಿದರು. ಮುಂದಿನ ಎರಡು ಸೂಪರ್ ಬೌಲುಗಳೂ ಅವರದಾದವು.

ಇವೆಲ್ಲ ಒಡೆಯರ ಮತ್ತು ಮ್ಯಾನೇಜರುಗಳ ಜಾಣತನದ ಮಾತಾಯಿತು. ನಮ್ಮ ಮನಸ್ಸನ್ನು ಕಲಕುವುದು ಬೇರೆಯ ಸಂಗತಿ. ಹೆಸರಾಂತವನ ಸಂಬಳವು ಬೋನಸ್ಸಾಗಿ ಮಾರ್ಪಟ್ಟು ಆ ಕ್ಷಣವೇ ಅವನ ಕೈ ಸೇರುತ್ತದೆ. ಆ ಹಣಕ್ಕೆ ಮತ್ತೆ ಭಯವಿಲ್ಲ. ಆದರೆ ನಡುಮಟ್ಟದ ಆಟಗಾರನ ಕರಾರಿನಲ್ಲಿ ನಾಲ್ಕು ವರ್ಷವೆಂದು ಬರೆದಿದ್ದರೂ ಮೊದಲೆರಡು ವರ್ಷಗಳಾಚೆಗೆ ಖಾತರಿಯಿರುವುದು ಅಪರೂಪ. ಮಾರ್ಚ್ ಬಂದೊಡನೆ ಜಾಗ ಬೇಕಾದರೆ ಮೊದಲು ಕತ್ತರಿ ಬೀಳುವುದು ಅವನ ಹೆಸರಿಗೆ. ಅವನು ಆಟದಲ್ಲಿ ತಪ್ಪಿದನೆಂದಲ್ಲ. ಅವನನ್ನು ಬಿಟ್ಟರೆ ಸತ್ತ ಹಣವು ಕಡಿಮೆ ಉಳಿಯುತ್ತದೆಂದು! ಮೊಳಕಾಲು ಹರಿದರೆ ಬದುಕೇ ಮುಗಿಯುವ ವೃತ್ತಿಯಲ್ಲಿ ಒಡೆಯನು ಮುಂದೂಡಿದ ಖರ್ಚಿಗೆ ಜಾಮೀನಾಗಿ ನಿಂತವನು ಈತನೇ. ಒಟ್ಟು ಆದಾಯದಲ್ಲಿ ನೂರಕ್ಕೆ 48 ಭಾಗವು ಆಟಗಾರರಿಗೆ ಸಲ್ಲುತ್ತದೆಂದು ಉತ್ತರ ಹೇಳುವವರುಂಟು. ಸಲ್ಲುವುದು ದಿಟ, ಯಾರ ಪಾಲಿಗೆ ಎಷ್ಟು ಎಂಬುದೇ ಪ್ರಶ್ನೆ.

ಹಣ ಕೊಟ್ಟ ವರ್ಷದಲ್ಲಿಯೇ ಖರ್ಚು ಬರೆಯಬೇಕೆಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ನಮಗೂ ಸುಲಭ. ಆದರೆ ಖಾತರಿಯಿಲ್ಲದ ಕರಾರಿನಲ್ಲಿ ಆಟಗಾರನಿಗೆ ಇರುವ ನಿಜವಾದ ಆಧಾರವು ಮೊದಲೇ ಕೈಸೇರುವ ಆ ಬೋನಸ್ಸೇ. ಹಂಚಿಕೆಯನ್ನು ಮಾತ್ರ ತೆಗೆದರೆ ಒಡೆಯರು ಬೋನಸ್ಸನ್ನೇ ಕಿರಿದುಗೊಳಿಸಿಯಾರು. ಆದಕಾರಣ ಎರಡನ್ನೂ ಜತೆಯಾಗಿಯೇ ಮಾಡತಕ್ಕದ್ದು. ಹುಸಿ ವರ್ಷಗಳನ್ನು ನಿಯಮದಿಂದ ಕಿತ್ತುಹಾಕಿ, ಯಾವ ತಂಡವು ಒಬ್ಬನ ಸಂಬಳವನ್ನು ಮುಂದಕ್ಕೆ ತಳ್ಳಿತೋ ಆ ತಂಡವು ಅದೇ ವರ್ಷ ಉಳಿದವರ ಸಂಬಳಕ್ಕೆ ಖಾತರಿ ಕೊಡುವಂತೆ ಕಟ್ಟುಮಾಡಬೇಕು. ಈಗಿನ ಒಪ್ಪಂದವು 2030ರ ಋತುವಿನ ತನಕ ಊರ್ಜಿತವಾಗಿದೆ. ಆ ಮೇಜಿನ ಮುಂದೆ ಕೂರಲಿರುವ ಆಟಗಾರರ ಸಂಘದವರು ಮಿತಿಯ ಮೊತ್ತವನ್ನು ಏರಿಸುವ ಹಟಕ್ಕಿಂತ ಮೊದಲು ಈ ಎರಡು ಷರತ್ತುಗಳನ್ನು ಮುಂದಿಡಲಿ.